ಮೂತಿ ಎಲ್ಲಿ ತಾಗುತ್ತಿದೆ ನೋಡಿ

ಫೆಬ್ರವರಿ ಕೊನೆಯಿಂದ ಯುಗಾದಿ ಕಳೆಯುವವರೆಗೆ ನನ್ನ ಫೋನಿಗೆ ಬರುವ ವಿಡಿಯೋಗಳು ಹೆಚ್ಚುಕಡಿಮೆ ಒಂದೇ ಥರದವು. ಗಾಜಿನ ಟ್ಯಾಂಕು, ಒಳಗೆ ಎರಡೋ ಮೂರೋ ಗೋಲ್ಡ್‌ಫಿಶ್, ಒಂದು ಮುಂದೆ ಮುಂದೆ ಓಡುತ್ತಿರುತ್ತದೆ, ಇನ್ನೊಂದು ಅದರ ಬೆನ್ನು ಬಿದ್ದಿರುತ್ತದೆ. ಹಿನ್ನೆಲೆಯಲ್ಲಿ ಕುಕ್ಕರ್ ಸೀಟಿ. ಕೆಳಗೊಂದು ಸಾಲು: "ಮೇಡಂ, ಕೆಂಪಂದು ಬಿಳೀದನ್ನ ಬದುಕೋಕೇ ಬಿಡ್ತಿಲ್ಲ." ಕೆಲವರು ತೀರ್ಪನ್ನೂ ಅವರೇ ಬರೆದಿರುತ್ತಾರೆ: "ಆ ರೌಡೀನ ವಾಪಸ್ ತಗೊಂಡು ಬೇರೆ ಕೊಡಿ."

ರಾಜಾಜಿನಗರದ ಕಡೆ ನನ್ನದೊಂದು ಅಕ್ವೇರಿಯಂ ಅಂಗಡಿ ಇದೆ. ಓದಿದ್ದು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ. ಅಲ್ಲಿ ಕಲಿತದ್ದು ಕಾಟ್ಲಾ, ರೋಹು, ಸಿಗಡಿ, ಅಂದರೆ ತಿನ್ನುವ ಮೀನಿನ ಲೆಕ್ಕಾಚಾರ. ಈಗ ಹೊಟ್ಟೆ ಹೊರೆಯುತ್ತಿರುವುದು ನೋಡುವ ಮೀನಿನಿಂದ. ಕಾಲೇಜಿನ ಪಾಠ ವ್ಯರ್ಥವೇನೂ ಆಗಲಿಲ್ಲ. ಗೋಲ್ಡ್‌ಫಿಶ್ ಕೂಡ ಗೆಂಡೆಯ ಸಂಸಾರದ್ದೇ; ಕೆರೆಗೆ ಬಿಡುವ ಸಾಮಾನ್ಯ ಗೆಂಡೆಗೆ ಹತ್ತಿರದ ನೆಂಟ. ಟ್ಯಾಂಕಿನೊಳಗಿನ ಓಡಾಟ ಅರ್ಥವಾಗಬೇಕಾದರೆ ಆ ನೆಂಟಸ್ತನ ನೆನಪಿರಬೇಕು.

ವಿಡಿಯೋ ಕಳಿಸಿದವರಿಗೆಲ್ಲ ನಾನು ಮೊದಲು ಹೇಳುವುದು ಒಂದೇ ಮಾತು: ಯಾವುದು ಯಾವುದನ್ನು ಓಡಿಸುತ್ತಿದೆ ಅನ್ನೋದನ್ನ ಬಿಡಿ, ಹಿಂದಿರುವ ಮೀನಿನ ಮೂತಿ ಮುಂದಿನದರ ಮೈಮೇಲೆ ಎಲ್ಲಿ ತಾಗುತ್ತಿದೆ ನೋಡಿ. ಹೊಟ್ಟೆಯ ಹಿಂಭಾಗಕ್ಕೆ, ಬಾಲದ ಬುಡದ ಕೆಳಗೆ ಮತ್ತೆ ಮತ್ತೆ ತಾಗುತ್ತಿದ್ದರೆ ಅದೊಂದು ಕಥೆ. ಬಾಲದ ತುದಿಯನ್ನು, ಈಜುರೆಕ್ಕೆಯನ್ನು ಕಚ್ಚಿ ಎಳೆಯುತ್ತಿದ್ದರೆ ಬೇರೆ ಕಥೆ. ಎಲ್ಲೂ ತಾಗದೆ ಸುಮ್ಮನೆ ಹಿಂದೆ ಹಿಂದೆ ಹೋಗುತ್ತಿದ್ದು, ಸ್ವಲ್ಪ ಹೊತ್ತಿಗೆ ಮುಂದಿನದೇ ತಿರುಗಿ ಹಿಂದಿನದರ ಬೆನ್ನು ಹಿಡಿದರೆ ಅದು ಕಥೆಯೇ ಅಲ್ಲ. ಗೋಲ್ಡ್‌ಫಿಶ್ ಗುಂಪಿನಲ್ಲಿರುವ ಮೀನು, ಒಂದರ ಹಿಂದೆ ಒಂದು ಹೋಗುವುದು ಅದರ ದಿನಚರಿ. ಸಿಕ್ಲಿಡ್‌ಗಳ ಹಾಗೆ ಜಾಗ ಕಟ್ಟಿಕೊಂಡು ಗಡಿ ಕಾಯುವ ಬುದ್ಧಿ ಇದಕ್ಕಿಲ್ಲ. ಹಾಗಾಗಿ "ಇದು ನನ್ನ ಏರಿಯಾ" ಎಂದು ಜಗಳ ತೆಗೆದಿದೆ ಅನ್ನುವ ವಿವರಣೆಯನ್ನು ನಾನು ಒಪ್ಪುವುದಿಲ್ಲ.

ಬೇಸಿಗೆ ಹತ್ತಿರ ಬರುವಾಗ ಬರುವ ವಿಡಿಯೋಗಳಲ್ಲಿ ಬಹುಪಾಲು ಮೊದಲನೆಯ ಕಥೆ. ಗಂಡು ಹೆಣ್ಣಿನ ಬೆನ್ನು ಬಿದ್ದಿದೆ, ಅಷ್ಟೇ. ಬೆಂಗಳೂರಿನ ಮನೆಯ ಟ್ಯಾಂಕಿನಲ್ಲಿ ಜನವರಿಯಲ್ಲಿ ಥರ್ಮಾಮೀಟರ್ ಇಟ್ಟರೆ 20 ಡಿಗ್ರಿಯ ಆಸುಪಾಸು ತೋರಿಸುತ್ತದೆ. ಶಿವರಾತ್ರಿ ಕಳೆಯುತ್ತಿದ್ದಂತೆ ನೀರು ಬಿಸಿಯೇರುತ್ತದೆ, ಹಗಲು ಉದ್ದವಾಗುತ್ತದೆ. ಮೀನಿಗೆ ಬೇಕಾದ ಸೂಚನೆ ಇಷ್ಟೇ. ಕೆಲವು ಸಲ ಅರ್ಧ ಟ್ಯಾಂಕ್ ನೀರು ತೆಗೆದು, ತುಸು ತಣ್ಣಗಿನ ಹೊಸ ನೀರು ಹಾಕಿದ ಮರುದಿನ ಬೆಳಿಗ್ಗೆಯೇ ಓಟ ಶುರುವಾಗುತ್ತದೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ತೀರ್ಥಹಳ್ಳಿ ಕಡೆ ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳದ ಮೀನೆಲ್ಲ ಗದ್ದೆಗೆ ಹತ್ತುತ್ತವೆ. ಹತ್ತುಮೀನು ಹಿಡಿಯಲು ಊರಿನವರೆಲ್ಲ ಕತ್ತಿ, ಬ್ಯಾಟರಿ ಹಿಡಿದು ರಾತ್ರಿಯೇ ಹೊರಡುತ್ತಾರೆ. ಮೊಣಕಾಲುದ್ದ ನೀರಿನಲ್ಲಿ ಮೀನುಗಳು ಒಂದನ್ನೊಂದು ಅಟ್ಟಿಕೊಂಡು ಹೋಗುವ ಸದ್ದು ಅಂಚಿನ ಮೇಲೆ ನಿಂತವರಿಗೆ ಕೇಳಿಸುತ್ತದೆ. ಅವು ಜಗಳವಾಡುತ್ತಿವೆ ಎಂದು ಅಲ್ಲಿ ಯಾರೂ ಅಂದುಕೊಳ್ಳುವುದಿಲ್ಲ.

ಸುಮಾರು ಸಾವಿರ ವರ್ಷದ ಹಿಂದೆ, ಚೀನಾದಲ್ಲಿ ಸಾಂಗ್ ವಂಶದವರು ಆಳುತ್ತಿದ್ದಾಗ, ಬಣ್ಣಗೆಟ್ಟು ಹುಟ್ಟಿದ ಕೆಂಪು-ಹಳದಿ ಗೆಂಡೆಗಳನ್ನು ಆರಿಸಿ ಕೊಳಗಳಲ್ಲಿ ಸಾಕತೊಡಗಿದರು. ಗೋಲ್ಡ್‌ಫಿಶ್ ಆದದ್ದು ಅವೇ. ಆಮೇಲೆ ಮನುಷ್ಯರು ಅದರ ಮೈಯನ್ನು ಹೇಗೆ ಬೇಕೋ ಹಾಗೆ ತಿದ್ದಿದ್ದಾರೆ. ಒರಾಂಡಾದ ತಲೆಯ ಮೇಲೆ ಮಾಂಸದ ಗೊಂಡೆ, ರ್ಯುಕಿನ್‌ಗೆ ಗೂನುಬೆನ್ನು, ಬಬಲ್ ಐಗೆ ಕಣ್ಣಿನ ಕೆಳಗೆ ನೀರು ತುಂಬಿದ ಚೀಲ, ಬಹುಪಾಲಿಗೆ ಜೋಡಿ ಬಾಲ. ಬುದ್ಧಿ ಮಾತ್ರ ಹೊಳೆಯ ಗೆಂಡೆಯದೇ ಉಳಿದಿದೆ. ಗಂಡಿಗೆ ಹೆಣ್ಣಿನ ಹಿಂದೆ ಗಂಟೆಗಟ್ಟಲೆ ಓಡಬೇಕು, ಹೆಣ್ಣಿಗೆ ಗಿಡದ ಬೇರಿನ ನಡುವೆ ನುಗ್ಗಬೇಕು. ತೆರೆದ ನೀರಿನ ಈ ಕಾರ್ಯಕ್ರಮ ನಾವು ಕೊಟ್ಟ ಎರಡಡಿ ಗಾಜಿನ ಡಬ್ಬಿಯಲ್ಲಿ ನಡೆಯಬೇಕಾದಾಗ ಅದು ಹಲ್ಲೆಯಾಗಿ ಕಾಣಿಸುತ್ತದೆ.

ಓಟದ ಹಿಂದಿನ ರಸಾಯನಶಾಸ್ತ್ರವನ್ನು ಬಿಡಿಸಿದವರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ನಾರ್ಮನ್ ಸ್ಟೇಸಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಪೀಟರ್ ಸೊರೆನ್ಸನ್ ಮುಖ್ಯರು. ಅವರ ಕೆಲಸ ಓದಿದ ಮೇಲೆ ನನಗೆ ಟ್ಯಾಂಕಿನ ನೀರನ್ನು ನೋಡುವ ಕಣ್ಣೇ ಬದಲಾಯಿತು. ಹೆಣ್ಣು ಮೊಟ್ಟೆಗೆ ಸಿದ್ಧವಾಗುವ ರಾತ್ರಿ ಅದರ ಮೈಯಿಂದ ಒಂದು ಹಾರ್ಮೋನು ನೀರಿಗೆ ಸೇರುತ್ತದೆ. ಅದರ ವಾಸನೆ ಹಿಡಿದ ಗಂಡಿನ ದೇಹದಲ್ಲಿ ಬೆಳಗಾಗುವಷ್ಟರಲ್ಲಿ ವೀರ್ಯ ಹೆಚ್ಚುತ್ತದೆ. ನಸುಕಿನಲ್ಲಿ ಮೊಟ್ಟೆ ಬಿಡುಗಡೆಯಾದಾಗ ಎರಡನೆಯ ಸಂದೇಶ ಹೊರಡುತ್ತದೆ. ಇದು ಪ್ರೊಸ್ಟಗ್ಲ್ಯಾಂಡಿನ್ ಎಂಬ ಗುಂಪಿನ ವಸ್ತು, ಹೆಣ್ಣಿನ ಮೂತ್ರದ ಜೊತೆ ಬರುತ್ತದೆ. ಗಂಡನ್ನು ಓಡಿಸುವುದು ಇದೇ. ಒಂದು ಗ್ರಾಂ ವಸ್ತುವನ್ನು ನೂರು ಕೋಟಿ ಲೀಟರ್ ನೀರಿಗೆ ಕಲಸಿದರೂ ಗಂಡಿನ ಮೂಗಿಗೆ ಗೊತ್ತಾಗುತ್ತದೆ. ಇನ್ನೊಂದು ಸ್ವಾರಸ್ಯ ಇದೆ. ಗಿಡದ ಎಲೆಗಳ ನಡುವೆ ಹೊಕ್ಕಾಗ ಹೆಣ್ಣು ಮೂತ್ರ ಬಿಡುವುದು ಹೆಚ್ಚಾಗುತ್ತದೆ. ಎಲ್ಲಿಗೆ ಬರಬೇಕು ಎಂದು ಕರೆಯುತ್ತಿರುವುದು ಹೆಣ್ಣೇ ಅಂದ ಹಾಗಾಯಿತು. ಮುಂದೆ ಓಡುವುದೆಲ್ಲ ಬಲಿಪಶು, ಹಿಂದೆ ಓಡುವುದೆಲ್ಲ ರೌಡಿ ಎಂಬ ನಮ್ಮ ಲೆಕ್ಕ ಇಲ್ಲಿ ಕೈಕೊಡುತ್ತದೆ. ಪ್ರಯೋಗದಲ್ಲಿ ಗಂಡು ಮೀನಿಗೇ ಆ ಪ್ರೊಸ್ಟಗ್ಲ್ಯಾಂಡಿನ್ ಚುಚ್ಚಿದಾಗ ಅದೂ ಹೆಣ್ಣಿನ ಹಾಗೆ ಗಿಡದೊಳಗೆ ನುಗ್ಗಿ ಮೊಟ್ಟೆಯಿಡುವ ವರಸೆ ತೋರಿಸಿತಂತೆ.

ಮೀನಿನ ಸಂತಾನ ಹಾರ್ಮೋನಿನ ಕೈಯಲ್ಲಿದೆ ಅನ್ನುವುದು ನಮ್ಮ ದೇಶದ ಮೀನು ಸಾಕಣೆಯವರಿಗೂ ಚೆನ್ನಾಗಿ ಗೊತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುನ್ಹಿ ಅವರು ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಗೆಂಡೆಗಳಿಂದ ಮೊಟ್ಟೆ ಇಡಿಸಿದರು. ಜುಲೈ 10 ಮೀನು ಕೃಷಿಕರ ದಿನವಾದದ್ದು ಅದರಿಂದಲೇ. ಪರೀಕ್ಷೆಯಲ್ಲಿ ತಪ್ಪದೆ ಬರುತ್ತಿದ್ದ ಪ್ರಶ್ನೆ!

ಗಂಡು ಯಾವುದು, ಹೆಣ್ಣು ಯಾವುದು ಎಂದು ಹೇಗೆ ತಿಳಿಯುವುದು? ಕೊಳ್ಳುವಾಗಲೇ "ಒಂದು ಗಂಡು ಒಂದು ಹೆಣ್ಣು ಕೊಡಿ" ಅನ್ನುತ್ತಾರೆ. ಚೆನ್ನೈನ ಕೊಳತ್ತೂರಿನಿಂದ ಆಕ್ಸಿಜನ್ ತುಂಬಿದ ಪ್ಯಾಕೆಟ್ಟಿನಲ್ಲಿ ಬರುವ ಮೀನಿಗೆ ಇನ್ನೂ ಕೆಲವೇ ತಿಂಗಳು. ಅಷ್ಟು ಎಳೆಯದರಲ್ಲಿ ಯಾರೂ ನಂಬಿಕೆಯಿಂದ ಹೇಳಲಾರರು. ಜೋಡಿ ಅಂತ ಗ್ಯಾರಂಟಿ ಕೊಡುವ ಅಂಗಡಿಯವರ ಮಾತನ್ನು ನಂಬಬೇಡಿ, ನನ್ನ ಅಂಗಡಿಯ ಹುಡುಗ ಹೇಳಿದರೂ ಸರಿ. ವರ್ಷ ತುಂಬುವ ಹೊತ್ತಿಗೆ ಗುರುತು ಮೂಡುತ್ತದೆ. ಹೆಣ್ಣನ್ನು ಮೇಲಿನಿಂದ ನೋಡಿದರೆ ಹೊಟ್ಟೆ ಅಗಲ, ಮೊಟ್ಟೆ ತುಂಬಿದಾಗ ಒಂದು ಪಕ್ಕ ಇನ್ನೊಂದಕ್ಕಿಂತ ಉಬ್ಬಿರುತ್ತದೆ. ಗಂಡಿಗೆ ಋತು ಬಂದಾಗ ಕಿವಿರಿನ ಮುಚ್ಚಳದ ಮೇಲೆ ಮತ್ತು ಎದೆಯ ಈಜುರೆಕ್ಕೆಯ ಮುಂದಂಚಿನಲ್ಲಿ ಸಣ್ಣ ಸಣ್ಣ ಬಿಳಿ ಚುಕ್ಕಿ ಏಳುತ್ತವೆ. ಫೋನಿನ ಟಾರ್ಚನ್ನು ಓರೆಯಾಗಿ ಹಿಡಿದರೆ ಚೆನ್ನಾಗಿ ಕಾಣುತ್ತವೆ. ಮುಟ್ಟಿದರೆ ಒರಟು.

ಈ ಚುಕ್ಕಿಗಳಿಂದ ಒಂದು ಅನಾಹುತ ಆಗುತ್ತಿರುತ್ತದೆ. ಕಳೆದ ಬೇಸಿಗೆಯಲ್ಲಿ ಒಬ್ಬ ಹಿರಿಯರು ಫೋನು ಹಿಡಿದುಕೊಂಡೇ ಒಳಗೆ ಬಂದರು. "ಅಮ್ಮಾ, ಇದಕ್ಕೆ ವೈಟ್ ಸ್ಪಾಟ್ ಬಂದ್ಬಿಟ್ಟಿದೆ. ಅದಕ್ಕೇ ತಲೆಕೆಟ್ಟು ಇನ್ನೊಂದನ್ನ ಅಟ್ಟಾಡಿಸ್ತಿದೆ. ಆ ನೀಲಿ ಔಷಧಿ ಕೊಡಿ." ಫೋಟೋ ಹಿಗ್ಗಿಸಿ ನೋಡಿದೆ. ಕಿವಿರಿನ ಮುಚ್ಚಳದ ಮೇಲೆ ಹತ್ತಾರು ಚುಕ್ಕಿ, ರೆಕ್ಕೆಯ ಮೊದಲ ಕಡ್ಡಿಯುದ್ದಕ್ಕೂ ಒಂದೇ ಸಾಲಿನಲ್ಲಿ ಇನ್ನಷ್ಟು. ಬೆನ್ನು, ಬಾಲ ಎಲ್ಲ ಸ್ವಚ್ಛ. "ಸಾರ್, ಕಾಯಿಲೆ ಇಲ್ಲ, ಪ್ರಾಯ ಬಂದಿದೆ," ಅಂದೆ. ಪಕ್ಕದಲ್ಲಿ ಮೊಮ್ಮಗಳು ನಿಂತಿದ್ದರಿಂದ ಅವರು ಮಾತು ಬದಲಿಸಿ ಮೀನಿನ ಆಹಾರದ ರೇಟು ಕೇಳಿದರು. ನಿಜವಾದ ವೈಟ್ ಸ್ಪಾಟ್ ಒಂದು ಪರೋಪಜೀವಿಯಿಂದ ಬರುವ ರೋಗ. ಅದರ ಚುಕ್ಕಿಗಳು ಉಪ್ಪು ಉದುರಿಸಿದ ಹಾಗೆ ಮೈ, ಬಾಲ, ರೆಕ್ಕೆ ಎಲ್ಲೆಂದರಲ್ಲಿ ಇರುತ್ತವೆ, ಒಂದು ಮೀನಿಗೆ ಬಂದರೆ ನಾಳೆ ನಾಡಿದ್ದರಲ್ಲಿ ಎಲ್ಲಕ್ಕೂ ಬರುತ್ತವೆ. ಶಿಸ್ತಾಗಿ ಒಂದು ಜಾಗದಲ್ಲೇ ಸಾಲುಗಟ್ಟಿದ್ದರೆ ಔಷಧಿ ಡಬ್ಬಿ ತೆರೆಯಬೇಡಿ.

"ನಮ್ಮ ಮನೇಲಿ ಇರೋದು ಎರಡೂ ಗಂಡು, ಆದರೂ ಓಡಿಸ್ತಿದೆ" ಅನ್ನುವವರಿದ್ದಾರೆ. ಆಗುತ್ತದೆ. ಗಂಡುಗಳ ಮೈಯಿಂದಲೂ ವಾಸನೆ ಹೊಮ್ಮುತ್ತದೆ, ಅದು ಇತರ ಗಂಡುಗಳನ್ನು ಕೆರಳಿಸಿ ದೂಡಾಟಕ್ಕೆ ಹಚ್ಚುತ್ತದೆ. ಹೆಣ್ಣೇ ಇಲ್ಲದ ಟ್ಯಾಂಕಿನಲ್ಲಿ ಸಣ್ಣದೋ ನಿಧಾನದ್ದೋ ಆದ ಗಂಡು ಆ ಪೆಟ್ಟನ್ನೆಲ್ಲ ತಿನ್ನುತ್ತದೆ.

ಹಾಗಾದರೆ ಸುಮ್ಮನೆ ನೋಡುತ್ತಾ ಕೂರುವುದಾ? ಬೆಳಗಿನ ಜಾವ ಶುರುವಾಗಿ ಮಧ್ಯಾಹ್ನದೊಳಗೆ ಮುಗಿದರೆ, ಹೌದು, ಸುಮ್ಮನಿರಿ. ಆದರೆ ಅಂಚು ದಾಟುವ ಸಂದರ್ಭ ಇದೆ. ಒಂದೇ ಹೆಣ್ಣು, ಅದರ ಹಿಂದೆ ಮೂರು ಗಂಡು. ಇಲ್ಲವೇ ದುಂಡು ಮೈಯ ಒರಾಂಡಾ ಹೆಣ್ಣು, ಅದರ ಹಿಂದೆ ನೀಳ ಮೈಯ ಕಾಮೆಟ್ ಗಂಡು. ಕಾಮೆಟ್ ಓಟಗಾರ, ಒರಾಂಡಾಕ್ಕೆ ತನ್ನ ಭಾರವೇ ಹೊರಲಾರದಷ್ಟು. ಹೆಣ್ಣು ಹುರುಪೆ ಉದುರಿ, ರೆಕ್ಕೆ ಹರಿದು, ಮೂಲೆಯಲ್ಲಿ ತಳಕ್ಕೆ ಕೂತು ಜೋರಾಗಿ ಕಿವಿರು ಬಡಿಯುತ್ತಿದ್ದರೆ ತಕ್ಷಣ ಬೇರೆ ಮಾಡಿ. ಎರಡನೇ ಟ್ಯಾಂಕ್ ಇಲ್ಲದಿದ್ದರೆ ಅದೇ ಟ್ಯಾಂಕಿನ ನೀರು ತುಂಬಿದ ದೊಡ್ಡ ಪ್ಲಾಸ್ಟಿಕ್ ಟಬ್ಬು, ಒಂದು ಏರ್ ಸ್ಟೋನ್ ಸಾಕು. ನಡುವೆ ತೂತಿನ ಅಕ್ರಿಲಿಕ್ ಹಲಗೆ ಇಟ್ಟು ಟ್ಯಾಂಕನ್ನೇ ಎರಡು ಭಾಗ ಮಾಡಬಹುದು. ಬೇರೆ ಮಾಡಬೇಕಾದದ್ದು ಯಾವುದನ್ನು ಎಂದು ಕೇಳಿದರೆ, ಸುಸ್ತಾದ ಹೆಣ್ಣಿಗಿಂತ ಮೈ ಗಟ್ಟಿಯಿರುವ ಗಂಡನ್ನು ಎತ್ತುವುದೇ ಮೇಲು. ಬಲೆಯ ಗಾಬರಿಯನ್ನು ಅದು ತಡೆದುಕೊಳ್ಳುತ್ತದೆ. ಮತ್ತೆ ತರುವುದಿದ್ದರೆ ನೀಳ ಮೈಯವನ್ನೂ ದುಂಡು ಮೈಯವನ್ನೂ ಕಲಸಬೇಡಿ. ಕೌಂಟರಿನಲ್ಲಿ ಇದನ್ನು ಹೇಳಿ ನಾನು ಎಷ್ಟೋ ವ್ಯಾಪಾರ ಕಳೆದುಕೊಂಡಿದ್ದೇನೆ.

ಊಟದ ಹೊತ್ತಿನ ತಳ್ಳಾಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೋಲ್ಡ್‌ಫಿಶ್‌ಗೆ ನಮ್ಮ ಹಾಗೆ ಹೊಟ್ಟೆಚೀಲ ಇಲ್ಲ, ತಿಂದದ್ದು ನೇರ ಕರುಳಿಗೆ. ಇಡೀ ದಿನ ಏನಾದರೂ ಹುಡುಕುತ್ತಲೇ ಇರುವ ಪ್ರಾಣಿ ಅದು. ಕಾಳು ಕಂಡಾಗ ಎಲ್ಲವೂ ಒಟ್ಟಿಗೆ ನುಗ್ಗುತ್ತವೆ, ಬಾಯಿಯಿಂದ ಬಾಯಿಗೆ ಕಿತ್ತುಕೊಳ್ಳುತ್ತವೆ, ಐದು ನಿಮಿಷದಲ್ಲಿ ಎಲ್ಲ ತಣ್ಣಗೆ. ಒಂದೇ ಮೂಲೆಗೆ ಸುರಿಯದೆ ಎರಡು ಕಡೆ ಹಾಕಿ.

ನನ್ನನ್ನು ಹೆಚ್ಚು ಕಾಡುವ ಓಟಕ್ಕೆ ಪ್ರೇಮವೂ ಕಾರಣವಲ್ಲ, ಊಟವೂ ಅಲ್ಲ. ಅದು ವಾಸ್ತುವಿನವರ ಕೊಡುಗೆ. ಮನೆಯ ಈಶಾನ್ಯದಲ್ಲಿ ಒಂಬತ್ತು ಮೀನು ಇಡಿ, ಎಂಟು ಕೆಂಪು ಒಂದು ಕಪ್ಪು ಇರಲಿ, ಕಪ್ಪು ಮೀನು ಮನೆಯ ಕೆಟ್ಟದ್ದನ್ನೆಲ್ಲ ಎಳೆದುಕೊಳ್ಳುತ್ತದೆ ಅನ್ನುವ ಫೆಂಗ್ ಶೂಯಿ ನಂಬಿಕೆ ವಾಸ್ತುವಿನ ಜೊತೆ ಸೇರಿಕೊಂಡು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬೇರುಬಿಟ್ಟಿದೆ. ಚೀಟಿ ಹಿಡಿದೇ ಬರುತ್ತಾರೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿಗೆ ಅಂಚಿನವರೆಗೆ ತುಂಬಿದರೂ 56 ಲೀಟರ್ ನೀರು. ಕಲ್ಲು, ಬೊಂಬೆ, ಮೇಲೆ ಬಿಟ್ಟ ಜಾಗ ಕಳೆದರೆ 50 ಕೂಡ ಇಲ್ಲ. ಕೈಯಗಲ ಬೆಳೆಯುವ ಮೀನು ಒಂದಕ್ಕೆ 40 ಲೀಟರಿಗೆ ಕಡಿಮೆ ಕೊಡಬೇಡಿ ಅನ್ನುತ್ತೇನೆ ನಾನು. ಅಲ್ಲಿ ಒಂಬತ್ತು!

ಇನ್ನು ಆ ಕಪ್ಪು ಮೀನು. ಅದು ಬ್ಲ್ಯಾಕ್ ಮೂರ್. ಕಣ್ಣು ಎರಡೂ ಆಚೆ ಚಾಚಿಕೊಂಡಿದ್ದರೂ ದೃಷ್ಟಿ ಮಂದ. ಕಾಳು ಎಲ್ಲಿ ಬಿತ್ತು ಎಂದು ಅದು ಹುಡುಕುವಷ್ಟರಲ್ಲಿ ಉಳಿದೆಂಟು ಮುಗಿಸಿರುತ್ತವೆ. ದಿನಕ್ಕೆ ದಿನ ಸೊರಗುತ್ತದೆ, ಸೊರಗಿದ್ದನ್ನು ಉಳಿದವು ಮೂತಿ ಹಾಕಿ ಕೆದಕುತ್ತವೆ, ರೆಕ್ಕೆ ಚೀಪುತ್ತವೆ. ಮೂತಿ ಬಾಲದ ತುದಿಗೆ ತಾಗುವ ಕಥೆ ಇದು. ಒಂದು ದಿನ ಸಾಯುತ್ತದೆ. "ನಮ್ಮ ಮೇಲೆ ಬರೋದನ್ನ ಅದು ತಗೊಂಡ್ತು ಮೇಡಂ" ಎಂದು ಅವರು ಸಮಾಧಾನದಿಂದಲೇ ಇನ್ನೊಂದು ಕಪ್ಪು ಮೀನಿಗೆ ಬರುತ್ತಾರೆ. ಮೊದಮೊದಲು ನಾನು ವಾದಿಸುತ್ತಿದ್ದೆ. ಈಗ ಒಂದೇ ಷರತ್ತು: ಒಂಬತ್ತೇ ಬೇಕು ಅಂದರೆ ಮೀನಿಗೆ ತಕ್ಕ ಟ್ಯಾಂಕ್ ತಗೊಳ್ಳಿ, ಇಲ್ಲವೇ ಇರುವ ಟ್ಯಾಂಕಿಗೆ ಒಂದು ಮೀನು ತಗೊಂಡು ಹೋಗಿ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು 190 ಲೀಟರ್ ಹಿಡಿಯುತ್ತದೆ. ಅದರಲ್ಲಿ ನಾಲ್ಕು ಮೀನು ನೆಮ್ಮದಿಯಾಗಿರುತ್ತವೆ. ವಾಸ್ತುವಿನವರು ನಾಲ್ಕಕ್ಕೆ ಏನು ಫಲ ಹೇಳುತ್ತಾರೋ!

ಇಕ್ಕಟ್ಟಿನ ನೀರು ಬೇಗ ಕೆಡುತ್ತದೆ. ಮೀನಿನ ಕಿವಿರಿನಿಂದ, ಹೇಲಿನಿಂದ ಬರುವ ಅಮೋನಿಯಾವನ್ನು ಫಿಲ್ಟರಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ತಿಂದು ಮುಗಿಸಬೇಕು. ಹೊಸ ಟ್ಯಾಂಕಿನಲ್ಲಿ ಅವು ನೆಲೆಯೂರಲು ತಿಂಗಳ ಮೇಲೆ ಬೇಕು. ಶನಿವಾರ ಫಿಲ್ಟರ್ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಫಳಫಳ ತೊಳೆದರೆ ಕ್ಲೋರಿನ್‌ಗೆ ಅವೆಲ್ಲ ಸತ್ತು, ಭಾನುವಾರ ಸಂಜೆಗೆ ಮೀನು ಟ್ಯಾಂಕಿನ ಉದ್ದಗಲ ಬಾಣ ಬಿಟ್ಟ ಹಾಗೆ ಓಡಾಡತೊಡಗುತ್ತದೆ, ಕಲ್ಲಿಗೆ ಮೈ ಉಜ್ಜುತ್ತದೆ. ಅದರ ಹಿಂದೆ ಇನ್ನೊಂದು ಹೋಗುತ್ತದೆ. ನೋಡುವವರಿಗೆ ಇದೂ ಅಟ್ಟಾಟವೇ. ಹಿಂದಿನ ಮೂತಿ ಎಲ್ಲೂ ತಾಗುತ್ತಿಲ್ಲ, ಎಲ್ಲ ಮೀನೂ ಮೈ ಉಜ್ಜುತ್ತಿವೆ ಅಂದರೆ ತಪ್ಪು ಯಾವ ಮೀನಿನದೂ ಅಲ್ಲ, ನೀರಿನದು. ಮೂರನೇ ಒಂದು ಭಾಗ ನೀರು ಬದಲಿಸಿ, ಆಂಟಿ ಕ್ಲೋರಿನ್ ಹಾಕಿದ್ದು. ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ.

ಇನ್ನೊಂದು ಪ್ರಕರಣ ಹೇಳಬೇಕು, ಯಾಕೆಂದರೆ ಇದರಲ್ಲಿ ಸಿಕ್ಕಿಬೀಳುವುದು ಯಾವಾಗಲೂ ನಿರಪರಾಧಿ. ಬಸವೇಶ್ವರನಗರದ ಒಬ್ಬರ ಮನೆಯಲ್ಲಿ ದಿನಾ ಬೆಳಿಗ್ಗೆ ಒಂದು ರ್ಯುಕಿನ್‌ನ ಪಕ್ಕೆ ಕೆಂಪಗೆ ಕಿತ್ತುಹೋಗಿರುತ್ತಿತ್ತು. ಹಗಲು ಅದನ್ನು ಆಗಾಗ ಹಿಂಬಾಲಿಸುತ್ತಿದ್ದ ಒರಾಂಡಾದ ಮೇಲೆ ಅನುಮಾನ. ಅದನ್ನು ಬಕೆಟ್ಟಿಗೆ ಹಾಕಿ ಶಿಕ್ಷೆಯೂ ಆಗಿತ್ತು. ಆದರೂ ಗಾಯ ನಿಲ್ಲಲಿಲ್ಲ. ಗೋಲ್ಡ್‌ಫಿಶ್‌ನ ಹಲ್ಲು ಇರುವುದು ಗಂಟಲಲ್ಲಿ, ಅದು ಹಾಗೆ ದುಂಡಗೆ ಚರ್ಮ ಕೀಳಲಾರದು. ರಾತ್ರಿ ಹತ್ತರ ಮೇಲೆ ಲೈಟ್ ಆರಿಸಿ, ಅರ್ಧ ಗಂಟೆ ಬಿಟ್ಟು ಟಾರ್ಚ್ ಹಾಕಿ ನೋಡಿ ಅಂದೆ. ಗಾಜು ನೆಕ್ಕಿ ಟ್ಯಾಂಕ್ ಕ್ಲೀನ್ ಮಾಡುತ್ತದೆ ಎಂದು ಯಾರೋ ಕೊಟ್ಟಿದ್ದ ಸಕ್ಕರ್ ಮೀನು, ಮಲಗಿದ್ದ ರ್ಯುಕಿನ್‌ನ ಪಕ್ಕೆಗೆ ಬಾಯಿ ಅಂಟಿಸಿಕೊಂಡು ಲೋಳೆ ಚೀಪುತ್ತಿತ್ತು. ಫೋಟೋ ತೆಗೆದು ಕಳಿಸಿದರು. ಒರಾಂಡಾ ಬಕೆಟ್ಟಿನಿಂದ ಬಿಡುಗಡೆಯಾಯಿತು.

ಮತ್ತೆ ಮೊದಲ ಕಥೆಗೆ. ಓಟ ಮುಗಿದ ಮಧ್ಯಾಹ್ನ ಫಿಲ್ಟರ್ ಪೈಪು, ಗಿಡದ ಎಲೆ, ಗಾಜಿನ ಮೇಲೆಲ್ಲ ಒಂದು ಮಿಲಿಮೀಟರಿನಷ್ಟು ದಪ್ಪದ ಅರೆಪಾರದರ್ಶಕ ಮಣಿಗಳು ಅಂಟಿದ್ದರೆ ಅವೇ ಮೊಟ್ಟೆ, ನೂರಾರು. ಅಪ್ಪ ಅಮ್ಮ ಆಗಲೇ ಅವನ್ನು ತಿನ್ನಲು ಶುರು ಮಾಡಿರುತ್ತವೆ. ಮರಿ ಬೇಕು ಅನ್ನುವವರು ಗಿಡವನ್ನು ಮೊಟ್ಟೆಸಮೇತ ಬೇರೆ ತೊಟ್ಟಿಗೆ ಎತ್ತಿಡಬೇಕು, ಬೂಸ್ಟು ಹಿಡಿಯದಂತೆ ಒಂದೆರಡು ಹನಿ ಮಿಥಿಲೀನ್ ಬ್ಲೂ ಹಾಕಬೇಕು. ಬೆಳ್ಳಗಾದ ಮೊಟ್ಟೆ ಕೆಟ್ಟದ್ದು, ತೆಗೆದುಬಿಡಿ. 24-25 ಡಿಗ್ರಿ ನೀರಿದ್ದರೆ ಮೂರು ನಾಲ್ಕು ದಿನದಲ್ಲಿ ಕಣ್ಣೆರಡು ಚುಕ್ಕಿ, ಮೈ ಒಂದು ಗೆರೆಯಷ್ಟೇ ಇರುವ ಮರಿಗಳು ಗಾಜಿಗೆ ಅಂಟಿಕೊಂಡಿರುತ್ತವೆ. ಈಜಲು ಶುರುಮಾಡಿದ ಮೇಲೆ ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಸೋಸಿ ಚಿಟಿಕೆಯಷ್ಟು ಕೊಡಬಹುದು, ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಯಂಥ ಜೀವಿಯ ಮರಿ ಸಿಕ್ಕರೆ ಇನ್ನೂ ಒಳ್ಳೆಯದು.

ಒಂದನ್ನು ಮೊದಲೇ ತಿಳಿದಿರಿ. ಮರಿಗಳು ಚಿನ್ನದ ಬಣ್ಣದಲ್ಲಿ ಹುಟ್ಟುವುದಿಲ್ಲ. ತಿಂಗಳುಗಟ್ಟಲೆ ಕೆರೆ ಮೀನಿನ ಕಂದು ಬಣ್ಣದಲ್ಲೇ ಇದ್ದು ನಿಧಾನಕ್ಕೆ ತಿರುಗುತ್ತವೆ, ಕೆಲವು ತಿರುಗುವುದೇ ಇಲ್ಲ. "ತಂದೆ ತಾಯಿ ಎರಡೂ ಕೆಂಪು, ಮರಿ ಹೀಗ್ಯಾಕೆ, ನೀವು ಕೊಟ್ಟಿದ್ದು ಒರಿಜಿನಲ್ಲಾ?" ಎಂದು ಅಂಗಡಿಗೆ ಜಗಳಕ್ಕೆ ಬಂದವರಿದ್ದಾರೆ. ಬೇಡವಾದ ಮರಿಗಳನ್ನು ಸ್ಯಾಂಕಿ ಕೆರೆಗೋ ಮಲ್ಲತ್ತಹಳ್ಳಿ ಕೆರೆಗೋ ಬಿಡುವ ಯೋಚನೆ ಮಾಡಬೇಡಿ. ಅಮೆರಿಕದ ಮಿನ್ನೆಸೋಟದ ಬರ್ನ್ಸ್‌ವಿಲ್ ಎಂಬ ಊರಿನವರು 2021ರಲ್ಲಿ ತಮ್ಮ ಕೆರೆಯಿಂದ ಹಿಡಿದ ದೈತ್ಯ ಗೋಲ್ಡ್‌ಫಿಶ್‌ಗಳ ಫೋಟೋ ಹಾಕಿ, ದಯವಿಟ್ಟು ಮನೆಯ ಮೀನನ್ನು ಕೆರೆಗೆ ಬಿಡಬೇಡಿ ಎಂದು ಬೇಡಿಕೊಂಡಿದ್ದರು. ಬಣ್ಣ ತಿರುಗಿದ ಮರಿಗಳನ್ನು ನಾನೇ ತಗೊಳ್ಳುತ್ತೇನೆ, ಬದಲಿಗೆ ಕಾಳಿನ ಪ್ಯಾಕೆಟ್ ಕೊಡುತ್ತೇನೆ. ಕಂದು ಮರಿಗೆ ಮಾತ್ರ ಪಕ್ಕದ ಮನೆ ಮಕ್ಕಳನ್ನು ನೀವೇ ಒಪ್ಪಿಸಬೇಕು.